ಒಂದು ಕಂಠ, ಮೂರು ದನಿ: ಕೀಬೋರ್ಡ್‌ಗೆ ಮೈಕ್ ಜೋಡಿಸಿ ಹಾಡುವವರಿಗೆ 18 ಸೂತ್ರಗಳು

ವಾರವೆಲ್ಲ ಆಫೀಸು ಅಥವಾ ಕಾಲೇಜು. ಶನಿವಾರ ಸಂಜೆ ಒಂದು ರಿಸೆಪ್ಷನ್, ಗಣೇಶನ ಹಬ್ಬದಲ್ಲಿ ಒಂದು ಪೆಂಡಾಲ್, ನವೆಂಬರ್‌ನಲ್ಲಿ ಕಂಪನಿಯ ರಾಜ್ಯೋತ್ಸವ. ಕೈಯಲ್ಲಿ ಕೀಬೋರ್ಡ್ ಇದೆ, ಗಂಟಲಲ್ಲಿ ಹಾಡಿದೆ, ಜೊತೆಗೆ ಕೋರಸ್ ಹಾಡುವವರು ಮಾತ್ರ ಇಲ್ಲ. ಅದಕ್ಕಾಗಿ ಕಾಯಬೇಡಿ. ಮೈಕ್ ಜೋಡಿಸಿ ಒಬ್ಬರೇ ಮೂರು ದನಿಯಲ್ಲಿ ಹಾಡುವ ಸೌಲಭ್ಯ ಇವತ್ತಿನ ಅರೇಂಜರ್ ಕೀಬೋರ್ಡ್‌ಗಳಲ್ಲಿದೆ. ಬಹುಪಾಲು ಜನ ವೋಕಲ್ ಹಾರ್ಮನಿ ಬಟನ್ ಒಮ್ಮೆ ಒತ್ತಿ, ಅಪಸ್ವರ ಕೇಳಿ, ಗಾಬರಿಯಾಗಿ ಆಫ್ ಮಾಡಿಬಿಡುತ್ತಾರೆ. ನೀವು ಹಾಗೆ ಬಿಡಬೇಡಿ. ಬಟನ್ ಬರೀ ಬಾಗಿಲು ತೆಗೆಯುತ್ತದೆ. ಒಳಗಿನ ಕೆಲಸವೆಲ್ಲ ನಿಮ್ಮ ಎಡಗೈಯದು. ಆ ಕೈಯನ್ನು ಪಳಗಿಸುವ ದಾರಿ ಇಲ್ಲಿದೆ.

1. "ನನ್ನ ದನಿ ಚೆನ್ನಾಗಿಲ್ಲ" ಅನ್ನುವುದನ್ನು ಇವತ್ತೇ ನಿಲ್ಲಿಸಿ.

ಅದು ಸತ್ಯವಲ್ಲ, ರೂಢಿ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಿಂದಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ನಮ್ಮ ಕಿವಿಗೆ ಬರುತ್ತದೆ. ರೆಕಾರ್ಡಿಂಗ್‌ನಲ್ಲಿ ಆ ಮೂಳೆಯ ಗುಂಗು ಇರುವುದಿಲ್ಲ. ಹಾಗಾಗಿ ದನಿ ತೆಳ್ಳಗೆ, ಬೇರೆಯವರದು ಅನ್ನಿಸುತ್ತದೆ. ಇದು ಎಲ್ಲರಿಗೂ ಆಗುತ್ತದೆ. ದಿನಕ್ಕೆ ಹತ್ತು ನಿಮಿಷ ಮೊಬೈಲ್‌ನಲ್ಲಿ ಹಾಡಿ ರೆಕಾರ್ಡ್ ಮಾಡಿ, ಕೇಳಿ. ಎರಡು ವಾರದಲ್ಲಿ ಕಿವಿ ಒಗ್ಗುತ್ತದೆ. ಇನ್ನೊಂದು ಮಾತು: ಹಾರ್ಮನಿ ಯಂತ್ರಕ್ಕೆ ನಿಮ್ಮ ದನಿ ಜೇನಿನಂತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಅಳೆಯುವುದು ಸ್ವರವನ್ನು. ಸ್ವರಕ್ಕೆ ನಿಂತು ಹಾಡಿ, ಸಾಕು.

2. ಕೀಬೋರ್ಡ್ ಕೊಳ್ಳುವ ಮುನ್ನ ಅದರ ಹಿಂಬದಿ ನೋಡಿ.

ಅಲ್ಲಿ "ಮೈಕ್ ಇನ್‌ಪುಟ್" ಇದೆಯೇ? "ಆಕ್ಸ್ ಇನ್" ಇದ್ದರೆ ಅದು ಮೈಕಿನ ಜಾಗವಲ್ಲ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್ ಸಿಗ್ನಲ್. ಆಕ್ಸ್ ಇನ್‌ಪುಟ್ ಮೊಬೈಲ್, ಪ್ಲೇಯರ್‌ಗಳ ದೊಡ್ಡ ಸಿಗ್ನಲ್‌ಗೆ ಮಾಡಿದ್ದು. ಮೈಕನ್ನು ಅಲ್ಲಿ ಚುಚ್ಚಿದರೆ ದನಿ ಬಾವಿಯೊಳಗಿಂದ ಕೇಳಿದಂತಿರುತ್ತದೆ, ಹಾರ್ಮನಿಯಂತೂ ಸಿಗುವುದೇ ಇಲ್ಲ.

ಎರಡನೇ ಪ್ರಶ್ನೆ ಇನ್ನೂ ಮುಖ್ಯ: ಮೈಕ್ ಇನ್‌ಪುಟ್ ಇರುವ ಕೀಬೋರ್ಡ್‌ಗಳಲ್ಲೆಲ್ಲ ಹಾರ್ಮನಿ ಇರುವುದಿಲ್ಲ. ಕೆಲವದರಲ್ಲಿ ರೆವರ್ಬ್ ಮಾತ್ರ. ಯಮಹಾದ ಪಿಎಸ್‌ಆರ್-ಎಸ್‌ಎಕ್ಸ್900 ಮತ್ತು ಜೀನೋಸ್‌ನಲ್ಲಿ ವೋಕಲ್ ಹಾರ್ಮನಿ ಇದೆ. ಕೊರ್ಗ್ ಪಿಎ1000ದಲ್ಲಿ ಟಿಸಿ-ಹೆಲಿಕಾನ್ ಕಂಪನಿಯ ದನಿ ಸಂಸ್ಕಾರಕ ಕೂತಿದೆ. ರೋಲ್ಯಾಂಡ್ ಜೂನೋ-ಡಿಎಸ್‌ನಲ್ಲಿ ಮೈಕ್ ಇನ್‌ಪುಟ್ ಜೊತೆ ವೋಕೋಡರ್ ಇದೆ. ಅಂಗಡಿಗೆ ಹೋಗುವಾಗ ನಿಮ್ಮ ಮೈಕ್ ಜೊತೆಗೇ ಒಯ್ಯಿರಿ. ಚುಚ್ಚಿ, ಹಾಡಿ, ಕೇಳಿ. ಮಾತಿನಲ್ಲಿ ಹೇಳಿದ್ದನ್ನು ನಂಬಿ ದುಡ್ಡು ಕೊಡಬೇಡಿ.

3. ಹಳೇ ಕೀಬೋರ್ಡ್ ಇದೆಯೇ? ಬದಲಿಸಬೇಡಿ, ಪೆಡಲ್ ಸೇರಿಸಿ.

ಮೈಕ್ ಇನ್‌ಪುಟ್ ಇಲ್ಲದ ಕೀಬೋರ್ಡ್ ಇಟ್ಟುಕೊಂಡು "ಹೊಸದು ತಗೊಂಡಮೇಲೆ ಶುರುಮಾಡೋಣ" ಅಂದರೆ ವರ್ಷಗಳೇ ಹೋಗುತ್ತವೆ. ಟಿಸಿ-ಹೆಲಿಕಾನ್‌ನ ವಾಯ್ಸ್‌ಲೈವ್ ಸಾಲಿನ ಪೆಡಲ್‌ಗಳು, ಬಾಸ್‌ನ ವಿಇ ಸಾಲಿನವು ಇದೇ ಕೆಲಸ ಮಾಡುತ್ತವೆ. ಮಿಡಿ ಇನ್ ಇರುವ ಪೆಡಲ್ ಆರಿಸಿ. ಆಗ ನೀವು ಒತ್ತಿದ ಕಾರ್ಡ್ ಪೆಡಲ್‌ಗೆ ತಿಳಿಯುತ್ತದೆ. ಒಂದು ಎಚ್ಚರಿಕೆ: ಈಗಿನ ಹಲವು ಕಡಿಮೆ ಬೆಲೆಯ ಕೀಬೋರ್ಡ್‌ಗಳಲ್ಲಿ ಐದು ಪಿನ್ನಿನ ಮಿಡಿ ಜಾಕ್ ಇಲ್ಲ, ಯುಎಸ್‌ಬಿ ಮಾತ್ರ. ನಿಮ್ಮದು ಯಾವುದು ಅಂತ ನೋಡಿಕೊಂಡೇ ಪೆಡಲ್ ಆರ್ಡರ್ ಮಾಡಿ.

4. ಡೈನಾಮಿಕ್ ಮೈಕ್ ತಗೊಳ್ಳಿ.

ಕಂಡೆನ್ಸರ್ ಮೈಕ್ ಸ್ಟುಡಿಯೋದಲ್ಲಿ ಚೆಂದ. ಕಲ್ಯಾಣ ಮಂಟಪದಲ್ಲಿ ಅದು ಪಾತ್ರೆಯ ಸದ್ದು, ಮಕ್ಕಳ ಗಲಾಟೆ, ಡ್ರಮ್ ಪ್ಯಾಡ್ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಒಳಗೆ ಬಂದ ಸದ್ದಿಗೆಲ್ಲ ಹಾರ್ಮನಿ ಯಂತ್ರ ಸ್ವರ ಹುಡುಕಲು ಹೋಗಿ ತೊದಲುತ್ತದೆ. 1966ರಲ್ಲಿ ಬಂದ ಶ್ಯೂರ್ ಎಸ್‌ಎಂ58 ಇವತ್ತಿಗೂ ವೇದಿಕೆಗಳ ಮೇಲೆ ನಿಂತಿದೆ ಅಂದರೆ ಕಾರಣ ಸರಳ: ಗಟ್ಟಿ, ಮತ್ತು ಎದುರಿನ ದನಿಯನ್ನು ಹಿಡಿದು ಹಿಂದಿನದನ್ನು ಬಿಡುತ್ತದೆ. ಕಂಡೆನ್ಸರ್‌ಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಜೀನೋಸ್‌ನಂಥ ದೊಡ್ಡ ಮಾಡೆಲ್‌ಗಳಲ್ಲಿ ಇದೆ, ಬಹುಪಾಲು ಕೀಬೋರ್ಡ್‌ಗಳಲ್ಲಿ ಇಲ್ಲ. ಮೈಕಿನ ಮೇಲೆ ಆನ್-ಆಫ್ ಸ್ವಿಚ್ ಇದ್ದರೆ ಅದನ್ನು ಟೇಪ್ ಹಾಕಿ ಆನ್‌ನಲ್ಲೇ ನಿಲ್ಲಿಸಿ. ಹಾಡಿನ ಮಧ್ಯೆ ಬೆರಳು ತಾಗಿ ದನಿ ಹೋಗುವುದು ಬೇಡ.

5. ಕೇಬಲ್‌ನಲ್ಲಿ ಉಳಿತಾಯ ಮಾಡಬೇಡಿ.

ಒಂದು ತುದಿ ಮೂರು ಪಿನ್, ಇನ್ನೊಂದು ತುದಿ ದಪ್ಪ ಜಾಕ್ ಇರುವ ಕೇಬಲ್ ಐದಾರು ಮೀಟರ್ ಮೀರದಿರಲಿ. ಈ ಬಗೆಯ ಕೇಬಲ್ ಉದ್ದವಾದಷ್ಟೂ ಲೈಟಿಂಗ್ ಡಿಮ್ಮರ್‌ನ ಗುಂಯ್‌ಗುಡುವಿಕೆ ಒಳಗೆ ಬರುತ್ತದೆ. ಬ್ಯಾಗಿನಲ್ಲಿ ಇನ್ನೊಂದು ಕೇಬಲ್ ಸದಾ ಇರಲಿ.

6. ಗೇನ್ ಮೊದಲು, ವಾಲ್ಯೂಮ್ ಆಮೇಲೆ.

ಇದು ತಪ್ಪಿದರೆ ಮುಂದಿನ ಹನ್ನೆರಡು ಸೂತ್ರಗಳೂ ವ್ಯರ್ಥ. ಗೇನ್ ಅಂದರೆ ಮೈಕಿನ ಸಿಗ್ನಲ್ ಕೀಬೋರ್ಡಿನೊಳಕ್ಕೆ ಎಷ್ಟು ಜೋರಾಗಿ ಹೋಗಬೇಕು ಅನ್ನುವ ತಿರುಗಣಿ. ವಾಲ್ಯೂಮ್ ಅಂದರೆ ಅದು ಸ್ಪೀಕರ್‌ನಿಂದ ಎಷ್ಟು ಜೋರಾಗಿ ಹೊರಬರಬೇಕು ಅನ್ನುವುದು. ಹಾಡಿನಲ್ಲಿ ನೀವು ಅತಿ ಜೋರಾಗಿ ಎತ್ತುವ ಸಾಲು ಯಾವುದೋ ಅದನ್ನೇ ಹಾಡಿ. ಕೆಂಪು ದೀಪ ಹತ್ತಿದರೆ ಗೇನ್ ಇಳಿಸಿ. ಹತ್ತದ ಹಾಗೆ ಸ್ವಲ್ಪ ಕೆಳಗೆ ನಿಲ್ಲಿಸಿ. "ಟೆಸ್ಟಿಂಗ್, ಒನ್ ಟೂ ತ್ರೀ" ಅಂತ ಮೆಲ್ಲಗೆ ಹೇಳಿ ಗೇನ್ ಇಡಬೇಡಿ. ಯಾರೂ ಹಾಡನ್ನು ಆ ದನಿಯಲ್ಲಿ ಹಾಡುವುದಿಲ್ಲ. ಒಡೆದ ದನಿ ಒಳಗೆ ಹೋದರೆ ಹಾರ್ಮನಿಯ ಎರಡು ದನಿಗಳೂ ಒಡೆದೇ ಬರುತ್ತವೆ. ತಪ್ಪು ಮೂರು ಪಟ್ಟು ಆಗುತ್ತದೆ.

7. ಮೈಕಿಗೆ ಎರಡು ಬೆರಳಿನಷ್ಟು ಹತ್ತಿರ ಇರಿ.

ದೂರ ನಿಂತರೆ ದನಿ ಸಣ್ಣದಾಗುತ್ತದೆ, ಹಾಲ್‌ನ ಸದ್ದು ದೊಡ್ಡದಾಗುತ್ತದೆ. ಬಾಯಿ ಮತ್ತು ಮೈಕಿನ ನಡುವಿನ ದೂರ ದುಪ್ಪಟ್ಟಾದರೆ ಸಿಗ್ನಲ್ ಸುಮಾರು 6 ಡೆಸಿಬಲ್ ಇಳಿಯುತ್ತದೆ. ತೀರಾ ಹತ್ತಿರ ಹೋದರೆ ದನಿಯ ಕೆಳಭಾಗ ಉಬ್ಬಿ ಗುಂಯ್ ಅನ್ನುತ್ತದೆ. ಹಾಗಾದಾಗ ಮೈಕ್ ಈಕ್ವಲೈಸರ್‌ನಲ್ಲಿ ಲೋ ಸ್ವಲ್ಪ ತಗ್ಗಿಸಿ. ಎರಡೂ ಕೈ ಕೀಬೋರ್ಡಿನ ಮೇಲೆ ಇರುವುದರಿಂದ ಬೂಮ್ ಸ್ಟ್ಯಾಂಡ್ ಬೇಕೇ ಬೇಕು. ಅದನ್ನು ಬಾಯಿಯ ಮಟ್ಟಕ್ಕೆ ತನ್ನಿ, ನೀವು ಮೈಕಿನ ಮಟ್ಟಕ್ಕೆ ಬಗ್ಗಬೇಡಿ. ಬಗ್ಗಿದ ಕುತ್ತಿಗೆಯಿಂದ ತಾರಸ್ಥಾಯಿ ಹೊರಡುವುದಿಲ್ಲ.

8. ಹಾರ್ಮನಿ ಯಾರ ಮಾತು ಕೇಳುತ್ತದೆ ಅನ್ನುವುದನ್ನು ತಿಳಿದುಕೊಳ್ಳಿ.

ಇಲ್ಲಿ ನಿಧಾನಿಸಿ. ಈ ಲೇಖನದ ಹೊಟ್ಟೆ ಇದು.

ಯಂತ್ರ ನಿಮ್ಮ ದನಿಯಲ್ಲಿನ ಸ್ವರ ಯಾವುದು ಅಂತ ಪತ್ತೆ ಮಾಡುತ್ತದೆ. ಆಮೇಲೆ ಅದೇ ದನಿಯ ಪ್ರತಿಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿ ಜೊತೆಗೆ ನುಡಿಸುತ್ತದೆ. ಎಲ್ಲಿಗೆ ಸರಿಸಬೇಕು? ಅದನ್ನು ಹೇಳುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಕಾರ್ಡ್ ಮೋಡ್. ಯಮಹಾದಲ್ಲಿ ಇದನ್ನು ಕಾರ್ಡಲ್ ಅನ್ನುತ್ತಾರೆ. ಎಡಗೈಯಲ್ಲಿ ನೀವು ಹಿಡಿದ ಕಾರ್ಡಿನ ಸ್ವರಗಳೇ ಕೋರಸ್‌ನ ಸ್ವರಗಳು. ಸಿ ಯನ್ನು ಷಡ್ಜ ಅಂತಿಟ್ಟುಕೊಳ್ಳಿ. ಸಿ ಮೇಜರ್ ಹಿಡಿದು "ಗ" ಹಾಡಿ. ಮೇಲಿನ ದನಿ "ಪ", ಕೆಳಗಿನ ದನಿ "ಸ" ಹಾಡುತ್ತದೆ. ಮೈ ಜುಂ ಅನ್ನುವಷ್ಟು ಚೆನ್ನಾಗಿರುತ್ತದೆ. ಈಗ ಕಾರ್ಡ್ ಬದಲಿಸದೆ "ಮ" ಹಾಡಿ ನಿಲ್ಲಿ. ಕೋರಸ್ ಇನ್ನೂ ಸಿ ಮೇಜರ್‌ನಲ್ಲೇ ಇದೆ, ನೀವು ಹೊರಗೆ ಬಂದಿದ್ದೀರಿ. "ಗ"ವೂ "ಮ"ವೂ ಪಕ್ಕಪಕ್ಕ ಉಜ್ಜುತ್ತವೆ. ಅಪಸ್ವರ ಅಂತ ಜನ ಬೈಯುವುದು ಇದನ್ನೇ. ಎಡಗೈಯನ್ನು ಎಫ್ ಮೇಜರ್‌ಗೆ ಸರಿಸಿ. ತಕ್ಷಣ ಎಲ್ಲ ಕೂಡಿಕೊಳ್ಳುತ್ತದೆ. ಯಂತ್ರ ಕೆಟ್ಟಿರಲಿಲ್ಲ, ಕಾರ್ಡ್ ತಡವಾಗಿತ್ತು.

ಎರಡನೆಯದು ನೋಟ್ ಮೋಡ್. ಯಮಹಾದಲ್ಲಿ ಇದಕ್ಕೆ ವೋಕೋಡರ್ ಅನ್ನುವ ಹೆಸರು. ನೀವು ಬಾಯಲ್ಲಿ ಯಾವ ಸ್ವರ ಹಾಡಿದರೂ ಕೋರಸ್ ಹಾಡುವುದು ಕೀಲಿಮಣೆಯ ಮೇಲೆ ಬೆರಳಿಟ್ಟ ಸ್ವರಗಳನ್ನು ಮಾತ್ರ. ಮಾತು ನಿಮ್ಮದು, ಸ್ವರ ಬೆರಳಿನದು. ಕಷ್ಟ ಹೆಚ್ಚು, ಹಿಡಿತವೂ ಹೆಚ್ಚು. ಗಂಭೀರವಾಗಿ ಮುಂದೆ ಬರಬೇಕು ಅನ್ನುವವರು ಇದನ್ನು ಕಲಿಯಲೇಬೇಕು.

ಮೂರನೆಯದು ಸ್ಕೇಲ್ ಮೋಡ್. ಪೆಡಲ್‌ಗಳಲ್ಲಿ ಹೆಚ್ಚು. ಹಾಡಿನ ಸ್ಕೇಲ್ ಒಮ್ಮೆ ಹೇಳಿಟ್ಟರೆ ಅದೇ ಸ್ಕೇಲ್‌ನೊಳಗೆ ಮೂರನೇ ಸ್ವರ, ಐದನೇ ಸ್ವರ ಹುಡುಕಿಕೊಡುತ್ತದೆ. ಸ್ಕೇಲ್ ಬಿಟ್ಟು ಆಚೆ ಹೋಗದ ಸರಳ ಹಾಡಿಗೆ ಒಳ್ಳೆಯದು.

ಒಂದು ವಾರ ಒಂದೇ ಮೋಡ್ ಹಿಡಿದು ಕೂರಿ. ಮೂರನ್ನೂ ಒಂದೇ ಸಂಜೆ ಕಲಿಯಲು ಹೋಗಬೇಡಿ.

9. ಎಡಗೈಯನ್ನು ತಾಳಕ್ಕಿಂತ ಕೂದಲೆಳೆ ಮುಂದೆ ಇಡಿ.

ಸ್ಟೈಲ್ ನುಡಿಯುವಾಗ ಕಾರ್ಡ್ ಸ್ವಲ್ಪ ತಡವಾದರೂ ಬೇಸ್ ಮತ್ತು ರಿದಮ್ ಅದನ್ನು ಮುಚ್ಚಿಹಾಕುತ್ತವೆ. ದನಿಯಲ್ಲಿ ಮುಚ್ಚಲಾಗುವುದಿಲ್ಲ. ಮನುಷ್ಯನ ಕಿವಿ ಮನುಷ್ಯನ ದನಿಯನ್ನೇ ಮೊದಲು ಕೇಳುತ್ತದೆ. ಆದ್ದರಿಂದ ಮಾತು ಶುರುವಾಗುವ ಹೊತ್ತಿಗೆ ಬೆರಳು ಕಾರ್ಡಿನ ಮೇಲೆ ಕೂತಿರಬೇಕು. ಅಭ್ಯಾಸ ಹೀಗೆ: ಹಾಡಬೇಡಿ, ಮೆಟ್ರೋನೋಮ್ ಹಾಕಿ ಬರೀ ಎಡಗೈಯಲ್ಲಿ ಇಡೀ ಹಾಡಿನ ಕಾರ್ಡ್‌ಗಳನ್ನು ನುಡಿಸಿ. ತಪ್ಪಿಲ್ಲದೆ ಮೂರು ಸಲ ಬಂದ ಮೇಲೆ ಬಾಯಿ ತೆರೆಯಿರಿ.

ಮೂರು ಬೆರಳಿನ ಕಾರ್ಡ್ ಇನ್ನೂ ಬರುವುದಿಲ್ಲವೇ? ಅದು ಅಡ್ಡಿಯಲ್ಲ. ಯಮಹಾದ ಸಿಂಗಲ್ ಫಿಂಗರ್ ಪದ್ಧತಿಯಲ್ಲಿ ಒಂದು ಕೀ ಒತ್ತಿದರೆ ಮೇಜರ್. ಅದರ ಜೊತೆ ಎಡಗಡೆಯ ಹತ್ತಿರದ ಕಪ್ಪು ಕೀ ಒತ್ತಿದರೆ ಮೈನರ್, ಎಡಗಡೆಯ ಹತ್ತಿರದ ಬಿಳಿ ಕೀ ಒತ್ತಿದರೆ ಸೆವೆಂತ್. ಇವತ್ತು ಇದರಲ್ಲೇ ಶುರುಮಾಡಿ. ಆದರೆ ಆರು ತಿಂಗಳಾದ ಮೇಲೂ ಇದರಲ್ಲೇ ಇದ್ದರೆ ನೀವು ನಿಂತ ನೀರು. ಮೂರು ಬೆರಳಿಗೆ ಬನ್ನಿ.

10. ರಾಗ ನೋಡಿ ಕಾರ್ಡ್ ಹಾಕಿ.

ನಮ್ಮ ಹಾಡುಗಳು ರಾಗದ ಮೇಲೆ ನಿಂತಿವೆ. ಹಾರ್ಮನಿ ಯಂತ್ರಕ್ಕೆ ರಾಗ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು. ರಾಗದಲ್ಲಿಲ್ಲದ ಸ್ವರ ಕಾರ್ಡಿನಲ್ಲಿದ್ದರೆ ಕೋರಸ್ ಅದನ್ನು ನಿಮ್ಮದೇ ದನಿಯಲ್ಲಿ ಹಾಡಿಬಿಡುತ್ತದೆ, ಕೇಳುವವರು ಅದನ್ನು ನಿಮ್ಮ ತಪ್ಪು ಅಂದುಕೊಳ್ಳುತ್ತಾರೆ.

ಸಿ ಷಡ್ಜ ಅಂತಲೇ ಇಟ್ಟುಕೊಂಡು ನಾಲ್ಕು ಉದಾಹರಣೆ ಬರೆದುಕೊಳ್ಳಿ.

ಹಂಸಧ್ವನಿ: ಸ ರಿ ಗ ಪ ನಿ. ಸಿ ಮೇಜರ್, ಜಿ ಮೇಜರ್, ಇ ಮೈನರ್. ಈ ಮೂರೂ ಕಾರ್ಡ್‌ಗಳು ಪೂರ್ತಿಯಾಗಿ ರಾಗದೊಳಗೇ ಇವೆ. ಹಾರ್ಮನಿ ಕಲಿಯಲು ಇದಕ್ಕಿಂತ ಒಳ್ಳೆಯ ರಾಗ ನಾನು ಕಂಡಿಲ್ಲ. ಗಣೇಶನ ಪೆಂಡಾಲಿನಲ್ಲಿ ಶುರುಮಾಡಲೂ ಇದೇ ಸರಿ.

ಮೋಹನ: ಸ ರಿ ಗ ಪ ದ. ಸಿ ಮೇಜರ್ ಮತ್ತು ಎ ಮೈನರ್ ನಿಶ್ಚಿಂತೆಯಿಂದ ಹಾಕಿ. ಜಿ ಮೇಜರ್‌ನಲ್ಲಿ ನಿಷಾದ ಬರುತ್ತದೆ, ಎಫ್ ಮೇಜರ್‌ನಲ್ಲಿ ಮಧ್ಯಮ ಬರುತ್ತದೆ. ಎರಡೂ ಮೋಹನದಲ್ಲಿಲ್ಲ. ಅವುಗಳ ಬದಲು ಡಿ ಸಸ್4 ಹಿಡಿದು ನೋಡಿ: ರಿ, ಪ, ದ. ರಾಗ ಕೆಡದೆ ಬಣ್ಣ ಬದಲಾಗುತ್ತದೆ.

ಕೀರವಾಣಿ: ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್. ಸಿ ಮೈನರ್, ಎಫ್ ಮೈನರ್, ಜಿ ಮೇಜರ್. ಇದರಲ್ಲಿ ಜಿ ಮೈನರ್ ಹಿಡಿಯುವುದು ಹೊಸಬರ ಸಾಮಾನ್ಯ ತಪ್ಪು. ನಿಷಾದ ಕಾಕಲಿ ಅನ್ನುವುದನ್ನು ನೆನಪಿಡಿ.

ಮಾಯಾಮಾಳವಗೌಳ: ಇಲ್ಲಿ ಎಚ್ಚರ. ಶುದ್ಧ ರಿಷಭ ಷಡ್ಜಕ್ಕೆ ಅಂಟಿಕೊಂಡಿದೆ, ಶುದ್ಧ ಧೈವತ ಪಂಚಮಕ್ಕೆ ಅಂಟಿಕೊಂಡಿದೆ. ಸಿ ಮೇಜರ್ ಹಿಡಿದು ರಿಷಭದ ಮೇಲೆ ನಿಂತರೆ ಕೋರಸ್ ಜೊತೆ ಘರ್ಷಣೆ ಖಂಡಿತ. ಷಡ್ಜ-ಪಂಚಮ ಎರಡೇ ಸ್ವರ ಹಿಡಿಯಿರಿ, ನೋಟ್ ಮೋಡ್‌ನಲ್ಲಿ. ಕೋರಸ್ ತಂಬೂರಿಯ ಹಾಗೆ ಹಿಂದೆ ನಿಲ್ಲುತ್ತದೆ, ನೀವು ಮುಂದೆ ಸ್ವತಂತ್ರವಾಗಿ ಹಾಡಬಹುದು. ಈ ಷಡ್ಜ-ಪಂಚಮದ ಉಪಾಯ ಸಂಶಯ ಬಂದ ಯಾವ ರಾಗಕ್ಕೂ ನಡೆಯುತ್ತದೆ. ಪಂಚಮವಿಲ್ಲದ ರಾಗಕ್ಕೆ ಮಾತ್ರ ಬೇಡ.

11. ಗಮಕ ಬರುವ ಜಾಗದಲ್ಲಿ ಹಾರ್ಮನಿ ಆಫ್ ಮಾಡಿ.

ಕಂಪಿತ, ಜಾರು ಬಂದಾಗ ಸ್ವರ ಎರಡು ಮನೆಗಳ ನಡುವೆ ಓಡಾಡುತ್ತದೆ. ಯಂತ್ರ ಆ ಮನೆಯೋ ಈ ಮನೆಯೋ ಅಂತ ಗೊಂದಲಕ್ಕೆ ಬಿದ್ದು ಕೋರಸ್ ದನಿ ಕುಪ್ಪಳಿಸುತ್ತದೆ. ನಿಮ್ಮ ಗಮಕವನ್ನು ಯಂತ್ರಕ್ಕಾಗಿ ಬಿಡಬೇಡಿ, ಯಂತ್ರವನ್ನು ಗಮಕಕ್ಕಾಗಿ ನಿಲ್ಲಿಸಿ. ಆಲಾಪ ಒಂಟಿ ದನಿಯಲ್ಲಿರಲಿ. ಪಲ್ಲವಿಯ ನೇರ ಸಾಲು ಬಂದಾಗ ಕೋರಸ್ ಬರಲಿ. ಆ ಬದಲಾವಣೆಯೇ ಜನರನ್ನು ತಲೆಯೆತ್ತಿಸುತ್ತದೆ.

12. ಹಾಡಿನ ಕಾಲುಭಾಗಕ್ಕಿಂತ ಹೆಚ್ಚು ಹಾರ್ಮನಿ ಹಾಕಬೇಡಿ.

ಸಾರಿಗೆ ಒಗ್ಗರಣೆ ಎಷ್ಟೋ ಅಷ್ಟೇ. ಪಲ್ಲವಿ ಮೊದಲ ಸಲ ಒಂಟಿಯಾಗಿ, ಎರಡನೇ ಸಲ ಒಂದು ದನಿ ಸೇರಿಸಿ. ಕೊನೆಯ ಪಲ್ಲವಿಗೆ ಎರಡು ದನಿ. ಚರಣ ಬರಿದಾಗಿರಲಿ, ಅಲ್ಲಿ ಸಾಹಿತ್ಯ ಕೇಳಬೇಕು. ಭಾವಗೀತೆ ಹಾಡುವಾಗಲಂತೂ ಇನ್ನೂ ಕಡಿಮೆ. ಕವಿಯ ಮಾತು ಮೂರು ದನಿಗಳ ನಡುವೆ ಕಳೆದುಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೆವೆಲ್ ಹೀಗಿಡಿ: ಹಾರ್ಮನಿ ಇದೆ ಅಂತ ಗೊತ್ತಾಗಬೇಕು, ಆಫ್ ಮಾಡಿದಾಗ ಮಾತ್ರ. ನಿಮ್ಮ ದನಿ 100 ಇದ್ದರೆ ಕೋರಸ್ 50ರಿಂದ ಶುರುಮಾಡಿ.

13. ನಿಮ್ಮ ಶ್ರುತಿಯಲ್ಲಿ ಹಾಡಿ. ಟ್ರಾನ್ಸ್‌ಪೋಸ್ ಇರುವುದೇ ಅದಕ್ಕೆ.

ಮೂಲ ಗಾಯಕರು ಹಾಡಿದ ಸ್ಕೇಲ್‌ನಲ್ಲೇ ಹಾಡಬೇಕು ಅನ್ನುವ ಹಟ ಗಂಟಲಿಗೆ ಏಟು. ಗಂಡಸರಿಗೆ ಒಂದು-ಒಂದೂವರೆ ಮನೆ, ಹೆಂಗಸರಿಗೆ ಐದು-ಐದೂವರೆ ಮನೆ ಸಾಮಾನ್ಯವಾಗಿ ಒಗ್ಗುತ್ತದೆ. ನಿಮ್ಮದು ಯಾವುದು ಅಂತ ಹುಡುಕಿ ಬರೆದಿಡಿ. ಸಿ ಸ್ಕೇಲ್‌ನಲ್ಲಿ ಮಾತ್ರ ಬೆರಳು ಓಡುತ್ತದೆಯೇ? ಸಿ ಯಲ್ಲೇ ನುಡಿಸಿ, ಟ್ರಾನ್ಸ್‌ಪೋಸ್ ಹಾಕಿ ಐದು ಮನೆಗೆ ತನ್ನಿ. ಟ್ರಾನ್ಸ್‌ಪೋಸ್ ಹಾಕಿದ ಮೇಲೆ ಹಾರ್ಮನಿ ಆನ್ ಮಾಡಿ ಒಂದು ಸಾಲು ಹಾಡಿ ಪರೀಕ್ಷಿಸಿ. ಹಾಡು ಮುಗಿದ ಕೂಡಲೇ ಸೊನ್ನೆಗೆ ತನ್ನಿ. ಮರೆತರೆ ಮುಂದಿನ ಹಾಡಿಗೆ ಕೊಳಲಿನವರು ಬೇರೆ ಊರಿನಲ್ಲಿರುತ್ತಾರೆ.

14. ಎಕೋವನ್ನು ಹಾಡಿನ ಟೆಂಪೋಗೆ ಕಟ್ಟಿಹಾಕಿ.

ಲೆಕ್ಕ ಸುಲಭ: 60,000ವನ್ನು ಟೆಂಪೋದಿಂದ ಭಾಗಿಸಿ. 120 ಟೆಂಪೋಗೆ 500 ಮಿಲಿಸೆಕೆಂಡ್, 100ಕ್ಕೆ 600, 80ಕ್ಕೆ 750. ಡಿಲೇ ಅಷ್ಟಕ್ಕೆ ಅಥವಾ ಅದರ ಅರ್ಧಕ್ಕೆ ಇಟ್ಟರೆ ಎಕೋ ತಾಳದೊಳಗೆ ಬೀಳುತ್ತದೆ. ಅಂದಾಜಿಗೆ ಇಟ್ಟರೆ ತಾಳಕ್ಕೆ ಅಡ್ಡ ಬರುತ್ತದೆ. ಕಲ್ಯಾಣ ಮಂಟಪದ ಗೋಡೆಗಳೇ ಬೇಕಾದಷ್ಟು ಗುಂಯ್ ಅನ್ನುತ್ತವೆ. ಅಲ್ಲಿ ಮನೆಯಲ್ಲಿಟ್ಟ ರೆವರ್ಬ್‌ನ ಅರ್ಧ ಸಾಕು. ಬಯಲಿನಲ್ಲಿ ಸ್ವಲ್ಪ ಹೆಚ್ಚಿಸಿ.

15. ರೋಬೋ ದನಿಯನ್ನು ಒಂದು ಕಾರ್ಯಕ್ರಮಕ್ಕೆ ಒಂದೇ ಸಲ ಬಳಸಿ.

ಸಿಂತ್ ವೋಕೋಡರ್ ಬೇರೆ, ಹಾರ್ಮನಿ ಬೇರೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೋಮರ್ ಡಡ್ಲಿ 1930ರ ದಶಕದಲ್ಲಿ ವೋಕೋಡರ್ ರೂಪಿಸಿದ್ದು ದೂರವಾಣಿಯಲ್ಲಿ ಮಾತನ್ನು ಕಡಿಮೆ ಜಾಗದಲ್ಲಿ ಸಾಗಿಸಲು. ಸಂಗೀತದವರು ಅದನ್ನು ಆಮೇಲೆ ಎತ್ತಿಕೊಂಡರು. ಸಿಂತಸೈಜರ್‌ನ ಸದ್ದು ನಿಮ್ಮ ಬಾಯಿಯ ಆಕಾರ ತೊಟ್ಟು ಮಾತಾಡುತ್ತದೆ. ಇದಕ್ಕೆ ಸ್ಪಷ್ಟ ಉಚ್ಚಾರ ಬೇಕು. "ಸ", "ಶ", "ಚ"ಗಳನ್ನು ಒತ್ತಿ ಹೇಳಿ. ಮಕ್ಕಳು ಕುಣಿಯುವ ಹಾಡಿಗೆ ಇಟ್ಟುಕೊಳ್ಳಿ.

16. ಕಾಲಿಗೆ ಕೆಲಸ ಕೊಡಿ.

ಎರಡು ಕೈಯೂ ನುಡಿಸುತ್ತಿರುವಾಗ ಹಾರ್ಮನಿ ಬಟನ್ ಒತ್ತುವವರು ಯಾರು? ಫುಟ್‌ಸ್ವಿಚ್. ಅದಕ್ಕೆ ವೋಕಲ್ ಹಾರ್ಮನಿ ಆನ್-ಆಫ್ ಕೊಡಿ. ಎರಡನೇ ಪೆಡಲ್ ಇದ್ದರೆ ಅದಕ್ಕೆ "ಟಾಕ್" ಕೊಡಿ. ಟಾಕ್ ಒತ್ತಿದರೆ ಹಾರ್ಮನಿ, ಎಕೋ ನಿಂತು ಮಾತು ಸ್ವಚ್ಛವಾಗಿ ಕೇಳುತ್ತದೆ. ವಧೂವರರ ಹೆಸರನ್ನು ಎಕೋದಲ್ಲಿ ಮೂರು ಸಲ ಹೇಳುವುದು ವೃತ್ತಿಪರರ ಲಕ್ಷಣವಲ್ಲ.

ಪ್ರತಿ ಹಾಡಿಗೂ ಒಂದು ರಿಜಿಸ್ಟ್ರೇಷನ್ ಮೆಮೊರಿ ಮಾಡಿ. ಸ್ಟೈಲ್, ಟೆಂಪೋ, ಟ್ರಾನ್ಸ್‌ಪೋಸ್, ಹಾರ್ಮನಿ ಬಗೆ ಎಲ್ಲ ಅದರಲ್ಲಿ ಸೇರಿಸಿ. ಒಂದು ಬಟನ್, ಒಂದು ಹಾಡು. ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಹಾಡುಗಳ ನಡುವೆ ತಲೆತಗ್ಗಿಸಿ ಸ್ಕ್ರೀನ್ ತಡಕುವವರಿಗೂ, ಜನರನ್ನು ನೋಡುತ್ತ ಮುಂದಿನ ಹಾಡು ಎತ್ತಿಕೊಳ್ಳುವವರಿಗೂ ಸಿಗುವ ಸಂಭಾವನೆ ಒಂದೇ ಆಗಿರುವುದಿಲ್ಲ.

17. ಮೈಕ್ ಕೂಗಿಕೊಳ್ಳುವ ಮುನ್ನ ಸ್ಪೀಕರ್ ಸರಿಸಿ, ಅರ್ಥಿಂಗ್ ನೋಡಿ.

ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ದೊಡ್ಡ ಸ್ಪೀಕರ್‌ಗಳನ್ನು ವೇದಿಕೆಯ ಹಿಂಬದಿಗೆ, ನನ್ನ ಬೆನ್ನಿಗೇ ಇಟ್ಟಿದ್ದರು. ಹಾರ್ಮನಿ ಆನ್ ಮಾಡಿದಾಗಲೆಲ್ಲ ಮೈಕ್ ಕೂಯ್ ಅನ್ನುತ್ತಿತ್ತು. ಇಡೀ ಸಂಜೆ ಒಂಟಿ ದನಿಯಲ್ಲೇ ಹಾಡಿದೆ. ಅವತ್ತಿನಿಂದ ನಾನು ಒಂದು ಗಂಟೆ ಮುಂಚೆ ಹೋಗಿ ಮೊದಲು ನೋಡುವುದು ಸ್ಪೀಕರ್ ಎಲ್ಲಿದೆ ಅನ್ನುವುದನ್ನು. ಸ್ಪೀಕರ್‌ನಿಂದ ಬಂದ ದನಿ ಮೈಕಿಗೆ ಮತ್ತೆ ಹೋದರೆ ಕೂಗು ಶುರು. ಹಾರ್ಮನಿ ಇದ್ದಾಗ ಒಂದು ದನಿಯ ಜಾಗದಲ್ಲಿ ಮೂರು ಹೋಗುತ್ತವೆ, ಆದ್ದರಿಂದ ಕೂಗು ಬೇಗ ಬರುತ್ತದೆ. ದೊಡ್ಡ ಸ್ಪೀಕರ್‌ಗಳು ನಿಮಗಿಂತ ಮುಂದೆ ಇರಲಿ. ಮಾನಿಟರ್ ಮೈಕಿನ ಬಾಲದ ದಿಕ್ಕಿನಲ್ಲಿರಲಿ, ಎಸ್‌ಎಂ58ರಂಥ ಕಾರ್ಡಿಯಾಯ್ಡ್ ಮೈಕ್ ಕಿವುಡಾಗಿರುವುದು ಅಲ್ಲೇ. ಸೂಪರ್‌ಕಾರ್ಡಿಯಾಯ್ಡ್ ಮೈಕ್ ಆದರೆ ಮಾನಿಟರನ್ನು ಹಿಂಬದಿಯ ಪಕ್ಕಕ್ಕೆ ಸರಿಸಿ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಬೇಡಿ. ಮುಚ್ಚಿದರೆ ಅದರ ಈ ಗುಣ ಹೋಗಿ ಎಲ್ಲ ಕಡೆಯ ಸದ್ದನ್ನೂ ಹಿಡಿಯುತ್ತದೆ.

ಬ್ಲೂಟೂತ್ ಸ್ಪೀಕರ್‌ಗೆ ಮೈಕಿನ ದನಿ ಕಳಿಸಬೇಡಿ. ಹಲವು ಬ್ಲೂಟೂತ್ ಸ್ಪೀಕರ್‌ಗಳಲ್ಲಿ ದನಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತಡವಾಗಿ ಬರುತ್ತದೆ. ತಾಳ ಹಿಡಿಯಲಾಗುವುದಿಲ್ಲ. ವೈರ್ ಹಾಕಿ.

ಅರ್ಥಿಂಗ್ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ತುಟಿ ಮೈಕಿಗೆ ತಾಗಿದಾಗ ಜುಂ ಅಂದರೆ ಹಾಡು ನಿಲ್ಲಿಸಿ. ಕೀಬೋರ್ಡಿಗೂ ಸೌಂಡ್ ಸಿಸ್ಟಮ್‌ಗೂ ಒಂದೇ ಕಡೆಯಿಂದ, ಅರ್ಥ್ ಇರುವ ಮೂರು ಪಿನ್ನಿನ ಲೈನ್ ಕೊಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಮುಜುಗರ ಬೇಡ. ಜೀವಕ್ಕಿಂತ ಕಾರ್ಯಕ್ರಮ ದೊಡ್ಡದಲ್ಲ.

18. ಕಾರ್ಯಕ್ರಮವನ್ನು ಗಡಿಯಾರಕ್ಕೆ ಹೊಂದಿಸಿ.

ಶಬ್ದ ಮಾಲಿನ್ಯ ನಿಯಮಗಳು 2000ರಿಂದ ಜಾರಿಯಲ್ಲಿವೆ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ. ಹಾಗಾಗಿ ನಿಮ್ಮ ಅತ್ಯುತ್ತಮ ಮೂರು ದನಿಯ ಹಾಡನ್ನು ಕೊನೆಗೆ ಅಂತ ಕಾಪಾಡಿಕೊಂಡು, 9.55ಕ್ಕೆ ಪೊಲೀಸರು ಬಂದು ನಿಂತಾಗ ಕಳೆದುಕೊಳ್ಳಬೇಡಿ. ಅದನ್ನು 9 ಗಂಟೆಗೆ ಹಾಡಿ, ಊಟ ಮುಗಿಸಿದವರು ಮತ್ತೆ ಬಂದು ಕೂರುವ ಹೊತ್ತಿಗೆ. ಮೊದಲ ಹಾಡು ಒಂಟಿ ದನಿಯಲ್ಲಿರಲಿ, ಸೌಂಡಿನವರಿಗೆ ಲೆವೆಲ್ ಸರಿಮಾಡಿಕೊಳ್ಳಲು ಸಮಯ ಸಿಗಲಿ. ಎರಡನೆಯದರಲ್ಲಿ ಪಲ್ಲವಿಗೆ ಒಂದು ದನಿ ಸೇರಿಸಿ. ಪ್ರತಿ ಕಾರ್ಯಕ್ರಮವನ್ನೂ ಸಭಿಕರ ನಡುವೆ ಕೂತ ಗೆಳೆಯರೊಬ್ಬರ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಸಿ, ವೇದಿಕೆಯ ಮೇಲೆ ಕೇಳಿದ್ದಕ್ಕೂ ಅಲ್ಲಿ ಕೇಳಿದ್ದಕ್ಕೂ ತುಂಬ ವ್ಯತ್ಯಾಸವಿರುತ್ತದೆ. ಮಾರನೇ ದಿನ ಕೇಳಿ, ಯಾವ ಸಾಲಿನಲ್ಲಿ ಕಾರ್ಡ್ ತಡವಾಯಿತು ಅಂತ ಗುರುತು ಹಾಕಿ, ಅದೇ ಸಾಲನ್ನು ಬರೀ ಎಡಗೈಯಲ್ಲಿ ಹತ್ತು ಸಲ ನುಡಿಸಿ. ಕೊನೆಯ ಹಾಡು ಮುಗಿದ ಮೇಲೆ ಮೈಕ್ ವಾಲ್ಯೂಮ್ ಸೊನ್ನೆಗೆ ಇಳಿಸಿ, ಗೇನ್ ಇಳಿಸಿ, ಆಮೇಲೆ ಕೇಬಲ್ ತೆಗೆಯಿರಿ. ಇಳಿಸದೆ ಕಿತ್ತರೆ ಸ್ಪೀಕರ್ ಧಡ್ ಅನ್ನುತ್ತದೆ, ಸೌಂಡಿನವರು ಮುಂದಿನ ಸಲ ನಿಮ್ಮನ್ನು ಕರೆಯಲು ಹೇಳುವುದಿಲ್ಲ.